ಹನ್ನೊಂದೂವರೆಯ ಅತ್ತೆ

ಹಲ್ಲಿನ ಆಸ್ಪತ್ರೆಯ ಮೆಟ್ಟಿಲು ಹತ್ತಿ ಎಡಕ್ಕೆ ತಿರುಗಿದರೆ ಮೊದಲು ಕಾಣುತ್ತಿದ್ದುದು ಡಾಕ್ಟರಲ್ಲ, ಚೀಟಿ ಅಕ್ಕ. ಒಂದು ಮೇಜು, ಅದರ ಮೇಲೆ ಉದ್ದನೆಯ ಅಪಾಯಿಂಟ್‌ಮೆಂಟ್ ಪುಸ್ತಕ, ಪುಸ್ತಕಕ್ಕೆ ದಾರದಿಂದ ಕಟ್ಟಿದ ಪೆನ್ಸಿಲ್ಲು. ಆ ದಾರ ಎಷ್ಟು ಉದ್ದವೋ ಅಷ್ಟು ದೂರ ಅವಳ ಅಧಿಕಾರ. ಹದಿನೆಂಟು ವರ್ಷದ ಹಿಂದೆ ಅವಳು ಕೆಲಸಕ್ಕೆ ಸೇರಿದಾಗ ಪುಸ್ತಕವೂ ಇರಲಿಲ್ಲ. ಹಳೇ ಕ್ಯಾಲೆಂಡರಿನ ಹಾಳೆ ಕತ್ತರಿಸಿ, ಹಿಂಬದಿಗೆ ನಂಬರು ಬರೆದು ಕೊಡುತ್ತಿದ್ದಳು. ಅಂದಿನಿಂದ ಚೀಟಿ ಅಕ್ಕ ಎಂಬ ಹೆಸರೇ ನಿಂತಿತು. ಅವಳ ಅಪ್ಪನ ವಯಸ್ಸಿನವರೂ ಅಕ್ಕಾ ಎಂದೇ ಕರೆಯುತ್ತಿದ್ದರು. ಹಲ್ಲು ನೋಯುವಾಗ ವಯಸ್ಸು ಯಾರಿಗೂ ನೆನಪಿರುವುದಿಲ್ಲ.

ಪುಸ್ತಕ ನೋಡಿಕೊಳ್ಳುವುದೆಂದರೆ ಗೆರೆ ಎಳೆದು ಹೆಸರು ಬರೆಯುವುದು, ಅಷ್ಟೇ ತಾನೆ ಎನ್ನುವವರು ಒಂದು ಬೆಳಿಗ್ಗೆ ಆ ಕುರ್ಚಿಯಲ್ಲಿ ಕೂತು ನೋಡಬೇಕು. ಗಡಿಯಾರ ರಿಪೇರಿಯವನು ಎಲ್ಲಿಗೆ ಹೋದರೂ ಅರ್ಧ ಗಂಟೆ ತಡ; ಅವನಿಗೆ ಹತ್ತಕ್ಕೆ ಬನ್ನಿ ಎಂದು ಹೇಳಿ ಪುಸ್ತಕದಲ್ಲಿ ಹತ್ತೂವರೆ ಎಂದು ಬರೆಯಬೇಕು. ಕಾಲೇಜಿನ ಮೇಷ್ಟರು ಬಾಯಿ ತೆರೆದುಕೊಂಡೇ ಪಾಠ ಮಾಡುವವರು; ಅವರ ಇಪ್ಪತ್ತು ನಿಮಿಷದ ಕೆಲಸಕ್ಕೆ ನಲವತ್ತು ನಿಮಿಷ ಎತ್ತಿಡಬೇಕು. ಮಾತು ಬಿಟ್ಟಿರುವ ಇಬ್ಬರು ವಾರಗಿತ್ತಿಯರನ್ನು ಅಕ್ಕಪಕ್ಕದ ಹೊತ್ತಿಗೆ ಕರೆಯಬಾರದು, ಬೆಂಚು ಇರುವುದು ಒಂದೇ. ಇನ್ನು ಫೋನಿನಲ್ಲಿ 'ಖಂಡಿತಾ ಬರ್ತೀನಿ' ಎಂದು ಎರಡು ಸಲ ಹೇಳಿದವರು ಬರುವುದಿಲ್ಲ. ಅಂಥವರ ಸಾಲಿನಲ್ಲಿ ಚೀಟಿ ಅಕ್ಕ ಇನ್ನೊಂದು ಹೆಸರನ್ನೂ ಬರೆದಿಡುತ್ತಿದ್ದಳು. ಇಬ್ಬರೂ ಒಟ್ಟಿಗೆ ಬಂದು ನಿಂತದ್ದು ಹದಿನೆಂಟು ವರ್ಷದಲ್ಲಿ ನಾಲ್ಕೇ ಸಲ. ಆ ನಾಲ್ಕು ಸಲವೂ ಅವಳು ಬಿದ್ದ ಪೆನ್ಸಿಲ್ಲು ಹುಡುಕುವ ನೆಪದಲ್ಲಿ ಮೇಜಿನ ಕೆಳಗೆ ಸಾಕಷ್ಟು ಹೊತ್ತು ಕಳೆದಳು. ಪೆನ್ಸಿಲ್ಲು ದಾರದಲ್ಲಿ ನೇತಾಡುತ್ತಲೇ ಇತ್ತು.

ಇದೆಲ್ಲ ಹಾಗಿರಲಿ. ಆ ಪುಸ್ತಕದ ನಿಜವಾದ ಗುಟ್ಟು ಹನ್ನೊಂದೂವರೆಯ ಸಾಲು. ಯಾವ ದಿನದ ಪುಟ ತಿರುವಿದರೂ ಅಲ್ಲಿ ಒಂದೇ ಹೆಸರು: ಅತ್ತೆ.

ಕೆಲಸಕ್ಕೆ ಸೇರಿದ ವರ್ಷವೇ, ಪುಸ್ತಕ ಬಂದ ಹೊಸದರಲ್ಲಿ, ಒಂದು ಬೆಳಿಗ್ಗೆ ಮುಖ ಊದಿಸಿಕೊಂಡ ಹೆಂಗಸೊಬ್ಬಳು ಬಂದಿದ್ದಳು. ಹೊತ್ತು ಹೇಳಿಸಿಕೊಂಡು ಬಂದವಳಲ್ಲ. ಪುಸ್ತಕ ಸಂಜೆಯವರೆಗೂ ತುಂಬಿತ್ತು. ನಾಳೆ ಬನ್ನಿ ಎಂದು ಚೀಟಿ ಅಕ್ಕ ನಿಯಮ ಹೇಳಿ ಕಳಿಸಿದಳು. ಮಧ್ಯಾಹ್ನ ಟೀ ಕುಡಿಯಲು ಇಳಿದರೆ ಆ ಹೆಂಗಸು ಕೊನೇ ಮೆಟ್ಟಿಲ ಮೇಲೇ ಕೆನ್ನೆ ಹಿಡಿದು ಕೂತಿದ್ದಳು. ಎದ್ದು ಹೋಗಲು ತಲೆ ಸುತ್ತುತ್ತದೆ ಎಂದಳು. ಅಷ್ಟರಲ್ಲಿ ಮೇಲೆ ಏನಾಗಿತ್ತೆಂದರೆ, ಹನ್ನೊಂದೂವರೆಗೆ ಹಲ್ಲು ಹೊಳಪು ಮಾಡಿಸಲು ಹೆಸರು ಬರೆಸಿದ್ದ ಮಹಾನುಭಾವ ಬರಲೇ ಇಲ್ಲ. ಡಾಕ್ಟರು ಅರ್ಧ ಗಂಟೆ ಪೇಪರು ಓದಿದ್ದರು. ಚೀಟಿ ಅಕ್ಕನಿಗೆ ಅವತ್ತು ಆದ ನಾಚಿಕೆ ಅಷ್ಟಿಷ್ಟಲ್ಲ. ಆ ಹೆಂಗಸನ್ನು ತಾನೇ ಕೈಹಿಡಿದು ಹತ್ತಿಸಿಕೊಂಡು ಬಂದಳು. ಮಾರನೆಯ ದಿನದಿಂದ ಹನ್ನೊಂದೂವರೆಯ ಸಾಲು ಯಾರಿಗೂ ಕೊಡಲಿಲ್ಲ. ನೋವು ತಡೆಯಲಾರದೆ ಹೇಳದೆ ಕೇಳದೆ ಬರುವವರಿಗೆ ಆ ಅರ್ಧ ಗಂಟೆ.

ಆದರೆ ಖಾಲಿ ಸಾಲನ್ನು ಪುಸ್ತಕದಲ್ಲಿ ಖಾಲಿ ಬಿಡಲಾಗುತ್ತದೆಯೇ? ಮೇಜಿನ ಮೇಲೆ ಬಗ್ಗಿ ತಲೆಕೆಳಗಾಗಿ ಓದುವುದರಲ್ಲಿ ರೋಗಿಗಳು ಪಳಗಿದವರು. 'ಇಲ್ಲಿ ಜಾಗ ಇದೆಯಲ್ಲ' ಎಂದು ಬೆರಳಿಟ್ಟುಬಿಡುತ್ತಾರೆ. ಅದಕ್ಕೇ ಅವಳು ಅತ್ತೆ ಎಂದು ಬರೆದಳು. ಯಾರ ಅತ್ತೆ ಎಂದು ಬರೆಯಲಿಲ್ಲ, ಆದ್ದರಿಂದ ಅದು ಸುಳ್ಳೂ ಅಲ್ಲ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಅತ್ತೆ ಎಂಬ ಎರಡಕ್ಷರದ ಬಲವೇ ಬಲ. ನಿಮ್ಮ ಅತ್ತೆಯನ್ನು ಆಚೆ ಸರಿಸಿ ಎಂದು ಹೇಳುವ ಧೈರ್ಯ ಹದಿನೆಂಟು ವರ್ಷದಲ್ಲಿ ಒಬ್ಬರಿಗೂ ಬರಲಿಲ್ಲ. ಡಾಕ್ಟರಿಗೂ ರೂಢಿಯಾಯಿತು. ಬಾಗಿಲು ಸರಿಸಿ 'ಅತ್ತೆ ಬಂದಿದಾರೆ' ಎಂದರೆ ಅವರು ಪೇಪರು ಮಡಚಿ ಇಕ್ಕಳ ತೆಗೆದುಕೊಳ್ಳುತ್ತಿದ್ದರು. ಆ ಅತ್ತೆ ಕೆಲವೊಮ್ಮೆ ಮೀಸೆಯುಳ್ಳ ಲಾರಿ ಡ್ರೈವರು ಆಗಿರುತ್ತಿದ್ದ.

ಹೀಗೆ ಸುಖವಾಗಿದ್ದ ಆಸ್ಪತ್ರೆಗೆ ಡಾಕ್ಟರ ಅಳಿಯ ಸಾಫ್ಟ್‌ವೇರ್ ತಂದ. ಕೆಟ್ಟವನಲ್ಲ. ಡಾಕ್ಟರಿಗೆ ವಯಸ್ಸಾಯಿತು, ವ್ಯವಹಾರ ನೀನೇ ನೋಡಿಕೋ ಎಂದು ಮನೆಯಲ್ಲಿ ಹೇಳಿದ್ದರು, ನೋಡಿಕೊಳ್ಳಲು ಬಂದಿದ್ದ. ಪುಸ್ತಕವಿದ್ದ ಜಾಗಕ್ಕೆ ಸ್ಕ್ರೀನು ಬಂತು. ಇನ್ನು ಮೇಲೆ ಜನ ಮನೆಯಲ್ಲೇ ಕೂತು ಫೋನಿನಿಂದ ತಮ್ಮ ಹೊತ್ತು ಹಿಡಿದುಕೊಳ್ಳುತ್ತಾರೆ, ಆ ಒಂದೊಂದು ಹೊತ್ತಿಗೂ ಸ್ಲಾಟು ಎಂದು ಹೆಸರು. ಹಿಂದಿನ ಸಂಜೆ ಅವರಿಗೆ ನೆನಪಿನ ಮೆಸೇಜು ಹೋಗುತ್ತದೆ. ಬಾರದವರಿಗೆ ಗೈರು ಬೀಳುತ್ತದೆ. ಮೂರು ಗೈರಾದರೆ ಹೆಸರು ತಾನಾಗಿಯೇ ಅಳಿಸಿಹೋಗಿ, ಕಾದು ಕೂತವರ ಪಟ್ಟಿಯಿಂದ ಇನ್ನೊಬ್ಬರು ಬರುತ್ತಾರೆ. ಒಂದೇ ಸಾಲಿನಲ್ಲಿ ಎರಡು ಹೆಸರು ಬರೆಯಲು ಅದು ಬಿಡುವುದೇ ಇಲ್ಲ ಎಂದು ಅಳಿಯ ಹೆಮ್ಮೆಯಿಂದ ಹೇಳಿದ. ಗಡಿಯಾರ ರಿಪೇರಿಯವನ ವಿಷಯ ಅದಕ್ಕೆ ಗೊತ್ತಾ ಎಂದು ಚೀಟಿ ಅಕ್ಕ ಕೇಳಿದಳು. ಅಳಿಯ ಆ ಪ್ರಶ್ನೆಯನ್ನು ಗುರುತು ಹಾಕಿಕೊಂಡ.

ಪುಸ್ತಕದ ಹೆಸರುಗಳನ್ನು ಸ್ಕ್ರೀನಿಗೆ ಏರಿಸುವ ಕೆಲಸವನ್ನು ಅವನೇ ಮಾಡಿದ. ಹನ್ನೊಂದೂವರೆಗೆ ಬಂದಾಗ ಅವನ ಬೆರಳು ನಿಂತಿತು. ಅವನ ಪಾಲಿಗೆ ಜಗತ್ತಿನಲ್ಲಿ ಅತ್ತೆ ಎಂದರೆ ಒಬ್ಬರೇ, ಡಾಕ್ಟರ ಹೆಂಡತಿ. ಅವರೆದುರು ಇವನು ಕೆಮ್ಮುವುದಕ್ಕೂ ಯೋಚಿಸುತ್ತಿದ್ದ. ದಿನವೂ ಹಲ್ಲು ತೋರಿಸುವಂಥ ತೊಂದರೆ ಅವರಿಗೆ ಏನಿದೆಯೋ, ಕೇಳಿದರೆ ಏನಾಗುತ್ತದೋ. ಕೇಳಲಿಲ್ಲ. ಆದರೆ ಸಾಫ್ಟ್‌ವೇರು ಬಿಡಬೇಕಲ್ಲ, ಫೋನ್ ನಂಬರ್ ಕೊಡದೆ ಮುಂದೆ ಹೋಗಲಾರೆ ಎಂದು ಕೆಂಪಗೆ ತೋರಿಸಿತು. ತನ್ನ ಫೋನಿನಲ್ಲಿರುವ ಅವರ ನಂಬರೇ ಆಸ್ಪತ್ರೆಗೂ ಕೊಟ್ಟಿರುವುದೋ ಬೇರೆಯದೋ ಎಂಬ ಅನುಮಾನದಲ್ಲಿ ಅವನು ದನಿ ತಗ್ಗಿಸಿ, 'ಅಕ್ಕ, ಅತ್ತೆಯವರ ನಂಬರು?' ಎಂದ.

ಚೀಟಿ ಅಕ್ಕ ಲೆಕ್ಕ ಹಾಕಿದಳು. ಈಗ ಬಾಯಿಬಿಟ್ಟರೆ ಅರ್ಧ ಗಂಟೆ ಕೈತಪ್ಪುತ್ತದೆ. ಅತ್ತೆ ಎಂಬ ಮಾತಿಗೆ ಅವಳಿಗೆ ಬಾಯಿಪಾಠ ಇದ್ದದ್ದು ಒಂದೇ ನಂಬರು. ಹೇಳಿಬಿಟ್ಟಳು. ಏನು ತೊಂದರೆ ಎಂದು ಅವನು ಕೇಳಿದಾಗ 'ಹಲ್ಲು ಕೀಳಬೇಕು' ಎಂದಳು, ಹನ್ನೊಂದೂವರೆಗೆ ಬರುವವರದು ಸಾಮಾನ್ಯವಾಗಿ ಅದೇ.

ಈಗ ಆ ನಂಬರಿನ ಒಡತಿಯ ಪರಿಚಯವಾಗಬೇಕು. ಚೀಟಿ ಅಕ್ಕನ ಅತ್ತೆ ನೂಲಿನ ಗಿರಣಿಯಲ್ಲಿ ಮೂವತ್ತೊಂದು ವರ್ಷ ದುಡಿದವರು. ಒಂದು ದಿನ ತಡವಿಲ್ಲ, ಒಂದು ದಿನ ಗೈರಿಲ್ಲ. ಅದಕ್ಕಾಗಿ ಗಿರಣಿಯವರು ಕೊಟ್ಟ ಕೈಗಡಿಯಾರವನ್ನು ಸ್ನಾನಕ್ಕೆ ಹೋಗುವಾಗ ಮಾತ್ರ ಬಿಚ್ಚುತ್ತಿದ್ದರು. ಬಾಯಲ್ಲಿ ಸ್ವಂತದ್ದೆನ್ನುವ ಹಲ್ಲು ಒಂದೂ ಇರಲಿಲ್ಲ. ಇದ್ದದ್ದು ಡಾಕ್ಟರೇ ಮಾಡಿಕೊಟ್ಟ ಹಲ್ಲು ಸೆಟ್ಟು. ಸಮಾಧಾನವಾಗಿದ್ದಾಗ ಅದು ಬಾಯಲ್ಲಿರುತ್ತಿತ್ತು, ಸಿಟ್ಟು ಬಂದರೆ ಸ್ಟೀಲ್ ಲೋಟಕ್ಕೆ ಬೀಳುತ್ತಿತ್ತು. ಟಣ್ ಎಂಬ ಆ ಸದ್ದು ಕೇಳಿಸಿತೆಂದರೆ ಮನೆಯವರು ಎರಡು ದಿನ ತುಟಿ ಬಿಚ್ಚುತ್ತಿರಲಿಲ್ಲ.

ಮೊದಲ ಸಂಜೆ ಆರು ಗಂಟೆಗೆ ಅವರ ಫೋನಿಗೆ ಮೆಸೇಜು ಬಂತು. 'ಪ್ರಿಯ ಅತ್ತೆ, ನಾಳೆ ಹನ್ನೊಂದೂವರೆಗೆ ನಿಮ್ಮ ಹಲ್ಲು ಕೀಳಲಾಗುವುದು. ಬರುವುದಾದರೆ ಒಂದು ಒತ್ತಿ, ಬಾರದಿದ್ದರೆ ಎರಡು ಒತ್ತಿ.'

ಅತ್ತೆ ಕನ್ನಡಕ ಒರೆಸಿಕೊಂಡು ಮತ್ತೆ ಓದಿದರು. ತಮ್ಮನ್ನು ಅತ್ತೆ ಎನ್ನುವವಳು ಜಗತ್ತಿನಲ್ಲಿ ಒಬ್ಬಳೇ, ಅವಳು ಕೆಲಸ ಮಾಡುವುದು ಹಲ್ಲಿನ ಆಸ್ಪತ್ರೆಯಲ್ಲಿ, ಅವಳು ಇಷ್ಟು ವರ್ಷದಲ್ಲಿ ಒಮ್ಮೆಯೂ ಪ್ರಿಯ ಎಂದವಳಲ್ಲ. ಹಾಗಾದರೆ ಇದು ಹಂಗಿಸುವುದಕ್ಕೇ ಕಳಿಸಿದ್ದು. ಹಲ್ಲಿಲ್ಲದವಳಿಗೆ ಹಲ್ಲು ಕೀಳುತ್ತೇನೆ ಎಂದರೆ ಏನರ್ಥ? ಬಾಯಿ ಹೆಚ್ಚಾಯಿತು ಎಂದೇ ಅರ್ಥ. ಅವರು ಒಂದನ್ನೂ ಒತ್ತಲಿಲ್ಲ, ಎರಡನ್ನೂ ಒತ್ತಲಿಲ್ಲ. ಟಣ್ ಎಂದಿತು.

ಏನಾಯಿತು ಎಂದು ಸೊಸೆ ಕೇಳಲಿಲ್ಲ, ಏಕೆಂದರೆ ಟಣ್ ಎಂದಾಗ ಕೇಳಬಾರದೆಂಬುದು ಆ ಮನೆಯ ಪದ್ಧತಿ. ಏನಿದು ಎಂದು ಅತ್ತೆಯೂ ಕೇಳಲಿಲ್ಲ, ಮೊದಲು ಕೇಳಿದವರು ಸೋತಂತೆ. ಗಂಡನಾದವನು ಇಂಥ ಹೊತ್ತಿನಲ್ಲಿ ಗಂಡಂದಿರು ಮಾಡುವುದನ್ನೇ ಮಾಡಿದ, ಹೊರಗಿನ ಬಲ್ಬು ಬದಲಿಸಲು ಹೋದ. ಮಾರನೆಯ ದಿನ ಮಧ್ಯಾಹ್ನ ಇನ್ನೊಂದು ಮೆಸೇಜು: 'ಪ್ರಿಯ ಅತ್ತೆ, ಇಂದು ನೀವು ಗೈರುಹಾಜರಾಗಿದ್ದೀರಿ.' ಗೈರುಹಾಜರಿ! ಹಲ್ಲಿನ ಮಾತನ್ನಾದರೂ ಸಹಿಸಬಹುದಿತ್ತು, ಈ ಮಾತು ಅವರ ಕರುಳಿಗೇ ಚುಚ್ಚಿತು. ಮೂವತ್ತೊಂದು ವರ್ಷ ಜ್ವರ ಬಂದರೂ ಗೇಟಿನ ಗಂಟೆಗೆ ಮುಂಚೆ ನಿಂತವರಿಗೆ ಗೈರುಹಾಜರಿ. ಮರುದಿನ ಎರಡನೆಯದು, ಅದರ ಮರುದಿನ ಮೂರನೆಯದು. ಹಲ್ಲು ಸೆಟ್ಟು ಲೋಟ ಬಿಟ್ಟು ಮೇಲೆ ಬರಲೇ ಇಲ್ಲ.

ಅತ್ತ ಆಸ್ಪತ್ರೆಯಲ್ಲಿ ಮೊದಲ ಮೂರು ದಿನ ನೋವಿನವರು ಬಂದರು, ಒಳಗೆ ಹೋದರು, ಹಲ್ಲು ಕಳೆದುಕೊಂಡು ನಗುತ್ತಾ ಇಳಿದರು. ಆದರೆ ಸ್ಕ್ರೀನಿನಲ್ಲಿ ಬಂದವರು ಅತ್ತೆಯಲ್ಲವಲ್ಲ, ಗೈರು ಬೀಳುತ್ತಲೇ ಇತ್ತು. ನಾಲ್ಕನೆಯ ದಿನ ನೋಡಿದರೆ ಹನ್ನೊಂದೂವರೆಯಲ್ಲಿ ಅತ್ತೆ ಇಲ್ಲ. ಯಾರೋ ಹಲ್ಲು ಬೆಳ್ಳಗೆ ಮಾಡಿಸಿಕೊಳ್ಳುವವನು ಬಂದು ಕೂತಿದ್ದ. ಅದೇ ಹೊತ್ತಿಗೆ ದವಡೆ ಊದಿದ ಲಾರಿ ಡ್ರೈವರು ಬಂದ. ಜಾಗವಿಲ್ಲ ಎಂದಾಗ ಜಗಳವಾಡದೆ, 'ಇರ್ಲಿ ಬಿಡಕ್ಕಾ' ಎಂದು ಕೈಸನ್ನೆ ಮಾಡಿ ಇಳಿದುಹೋದ. ಅವನು ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಅವತ್ತು ಟೀಗೆ ಇಳಿಯುವಾಗ ಕೊನೇ ಮೆಟ್ಟಿಲು ನೋಡುವುದಕ್ಕೇ ಹೆದರಿದಳು.

ಅಳಿಯನಿಗೂ ಅಷ್ಟೇ ಹೆದರಿಕೆ, ಕಾರಣ ಮಾತ್ರ ಬೇರೆ. ಸ್ವಂತ ಅತ್ತೆಯ ಹೆಸರನ್ನು ತಾನು ತಂದ ಯಂತ್ರ ಅಳಿಸಿಹಾಕಿದೆ. ಕ್ಷಮೆ ಕೇಳುವುದೇ ಮೇಲೆಂದು ಮನೆಗೆ ಹೋದವನು ಡಾಕ್ಟರ ಹೆಂಡತಿಯ ಮುಂದೆ ನಿಂತು, ಹಲ್ಲು ಕೀಳಿಸುವ ಕೆಲಸಕ್ಕೆ ತನ್ನಿಂದ ತೊಂದರೆಯಾಯಿತು ಎಂದ. ಅವರು ಮೂವತ್ತೆರಡೂ ಹಲ್ಲು ಕಾಣುವಂತೆ ಬಾಯಿ ತೆರೆದು, ಇದರಲ್ಲಿ ಯಾವುದನ್ನು ಕೀಳಬೇಕೆಂದಿದ್ದೀಯಪ್ಪ ಎಂದು ಕೇಳಿದರಂತೆ. ಮುಂದೆ ನಡೆದದ್ದನ್ನು ಅವನು ಯಾರಿಗೂ ಹೇಳಿಲ್ಲ.

ಮಾರನೆಯ ಬೆಳಿಗ್ಗೆ ಹಳೇ ಪುಸ್ತಕಗಳನ್ನೆಲ್ಲ ಮೇಜಿನ ಮೇಲೆ ಪೇರಿಸಿ ಅವನು ಚೀಟಿ ಅಕ್ಕನನ್ನು ಕೇಳಿದ, 'ಅಕ್ಕ, ಈ ಅತ್ತೆ ಯಾರು?'

'ನಮ್ಮತ್ತೆ.'

'ಹದಿನೆಂಟು ವರ್ಷ ದಿನಾ ಬಂದಿದಾರೆ. ದಿನಕ್ಕೊಂದು ಕಿತ್ತರೂ ಐದು ಸಾವಿರ ಹಲ್ಲಾಯ್ತು.'

ಚೀಟಿ ಅಕ್ಕ ಪೆನ್ಸಿಲ್ಲು ಹುಡುಕಿದಳು. ಪೆನ್ಸಿಲ್ಲು ಈಗ ಇರಲಿಲ್ಲ. ಅಳಿಯ ಕೂಗಾಡಲಿಲ್ಲ, ಅದೇ ಕಷ್ಟ. ನಾಳೆ ಹನ್ನೊಂದೂವರೆಗೆ ಆ ಹೆಸರನ್ನು ಕೊನೆಯ ಸಲ ಹಾಕುತ್ತೇನೆ ಎಂದ. ಅತ್ತೆ ಎನ್ನುವವರು ನಿಜವಾಗಿ ಬಂದರೆ ಆ ಹೊತ್ತು ಅವರದೇ, ತಾನು ಮುಟ್ಟುವುದಿಲ್ಲ. ಬಾರದಿದ್ದರೆ ಅದು ಫೋನಿನವರಿಗೆ, ಮತ್ತೆ ಯಾವತ್ತೂ ಖಾಲಿಯಾಗುವುದಿಲ್ಲ.

ಆ ಸಂಜೆ ಚೀಟಿ ಅಕ್ಕ ಅಡುಗೆಮನೆ ಬಾಗಿಲಿಗೆ ಮೂರು ಸಲ ಹೋಗಿ ನಿಂತಳು. ನಾಳೆ ಒಂದು ದಿನ ಬನ್ನಿ ಅತ್ತೆ, ಅಷ್ಟೇ ಹೇಳಬೇಕಾದ್ದು. ಲೋಟದೊಳಗಿನ ಹಲ್ಲು ಅವಳನ್ನೇ ನೋಡುತ್ತಿತ್ತು. ಮೂರು ಸಲವೂ ಉಪ್ಪಿನ ಡಬ್ಬಿ ತೆಗೆದುಕೊಂಡು ವಾಪಸಾದಳು. ಒಳಗೆ ಅತ್ತೆಯ ಫೋನು ಸದ್ದು ಮಾಡಿತು: 'ಪ್ರಿಯ ಅತ್ತೆ, ಇದು ನಿಮಗೆ ಕೊನೆಯ ಅವಕಾಶ.'

ಮಾರನೆಯ ದಿನ ಹನ್ನೊಂದು ಗಂಟೆಗೇ ಬೆಂಚಿನ ಮೇಲೆ ದರ್ಜಿಯೊಬ್ಬ ಬಂದು ಕೂತಿದ್ದ. ಅಂಗಿಯ ಕಾಲರಿಗೆ ಚುಚ್ಚಿದ ಗುಂಡುಸೂಜಿಗಳೂ ಹಾಗೇ ಇದ್ದವು, ಹೊಲಿಗೆ ಅರ್ಧಕ್ಕೆ ಬಿಟ್ಟು ಓಡಿಬಂದವನು. ಒಂದು ಕೆನ್ನೆ ಇನ್ನೊಂದರ ಎರಡರಷ್ಟಿತ್ತು. ಅಳಿಯ ಸ್ಕ್ರೀನಿನ ಹಿಂದೆ ಕೂತಿದ್ದ. ಹನ್ನೊಂದು ಇಪ್ಪತ್ತೈದು. ಚೀಟಿ ಅಕ್ಕನಿಗೆ ದರ್ಜಿಯ ಮುಖ ನೋಡಲಾಗಲಿಲ್ಲ. ಅವನನ್ನು ಏನೆಂದು ಕಳಿಸುವುದು ಎಂದು ಮಾತು ಜೋಡಿಸುತ್ತಿದ್ದಾಗ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು ಕೇಳಿಸಿತು.

ಅತ್ತೆ ಬಂದರು. ಹೊರಗೆ ಹೋಗುವಾಗಿನ ಒಳ್ಳೇ ಬಟ್ಟೆ, ಕೈಯಲ್ಲಿ ಗಿರಣಿಯ ಗಡಿಯಾರ, ಬಾಯಲ್ಲಿ ಹಲ್ಲು. ಸೊಸೆಯ ಕಡೆ ನೋಡಲಿಲ್ಲ, ನೇರ ಮೇಜಿಗೆ ಬಂದು ಗಡಿಯಾರವನ್ನು ಅಳಿಯನ ಮುಖಕ್ಕೆ ಹಿಡಿದರು.

'ನನಗೆ ಗೈರು ಹಾಕಿದೋರು ಯಾರು?'

ಅಳಿಯನಿಗೆ ಅತ್ತೆಯಂದಿರ ದನಿ ಕೇಳಿದರೆ ತಾನಾಗಿಯೇ ಕಾಲು ನೆಟ್ಟಗಾಗುವ ಅಭ್ಯಾಸ. ಎದ್ದು ನಿಂತ. ಅವನು ಉತ್ತರ ಹುಡುಕುವಷ್ಟರಲ್ಲಿ ಅವರು ಮೇಲಿನ ಸಾಲು, ಕೆಳಗಿನ ಸಾಲು, ಎರಡನ್ನೂ ತೆಗೆದು ಸ್ಕ್ರೀನಿನ ಪಕ್ಕದಲ್ಲಿಟ್ಟು, ಇದರಲ್ಲಿ ಯಾವುದು ಬೇಕೋ ಕಿತ್ತುಕೊಳ್ಳಿ ಎಂದರು. ಹಲ್ಲಿಲ್ಲದ ಬಾಯಿಗೆ ಅಕ್ಷರಗಳು ಸಿಗದೆ ಮಾತು ಗಾಳಿಯಾಗಿ ಬಂತು, ಆದರೂ ಎಲ್ಲರಿಗೂ ಅರ್ಥವಾಯಿತು. ಒಳಗಿಂದ ಇಣುಕಿದ ಡಾಕ್ಟರು ತಾವು ಮಾಡಿದ ಹಲ್ಲು ಇನ್ನೂ ಹೊಳೆಯುತ್ತಿರುವುದನ್ನು ಕಂಡು ಸಂತೋಷಪಟ್ಟರು.

ಆಗ ಬೆಂಚಿನ ಕಡೆಯಿಂದ ಸಣ್ಣಗೆ ನರಳಿಕೆ ಕೇಳಿಸಿತು. ಅತ್ತೆ ತಿರುಗಿದರು. ದರ್ಜಿಯನ್ನು ನೋಡಿದರು, ಅವನ ಕೆನ್ನೆ ನೋಡಿದರು. ಆಮೇಲೆ ಮೊದಲ ಸಲ ಸೊಸೆಯ ಮುಖ ನೋಡಿದರು. ಅವಳ ಕಣ್ಣು ತುಂಬಿತ್ತು. ಅದು ತಮ್ಮ ಮೇಲಿನ ಹೆದರಿಕೆಗಲ್ಲ ಎಂಬುದು ಅವರಿಗೆ ತಿಳಿಯಿತು.

'ಇವನ್ಯಾರು? ಹೆಸರಿಲ್ಲದೆ ಬಂದೋನಾ?'

ಹೌದು ಎಂದು ಚೀಟಿ ಅಕ್ಕ ತಲೆಯಾಡಿಸಿದಳು. ದಿನಾ ಒಬ್ಬರು ಬರುತ್ತಾರೆ, ಅವರಿಗೇ ಈ ಹೊತ್ತು ಎಂದಳು.

ಅಷ್ಟೇ ಸಾಕಾಯಿತು. ಗಿರಣಿಯ ಗೇಟಿನ ಹತ್ತಿರ ದಿನಾ ಬೆಳಿಗ್ಗೆ ಬದಲಿಯವರು ಕೂತಿರುತ್ತಿದ್ದರು, ಯಾರಾದರೂ ಬಾರದಿದ್ದರೆ ತಮಗೆ ಅವತ್ತಿನ ಕೆಲಸ ಸಿಕ್ಕೀತು ಎಂದು. ಅತ್ತೆ ಮೂವತ್ತೊಂದು ವರ್ಷ ಅವರನ್ನು ದಾಟಿಕೊಂಡೇ ಒಳಗೆ ಹೋದವರು. ಒಂದು ದಿನವೂ ಗೈರಾಗದ್ದಕ್ಕೆ ಗಡಿಯಾರ ಸಿಕ್ಕಿತ್ತು. ತಾವು ಗೈರಾಗದ್ದರಿಂದ ಗೇಟಿನಲ್ಲೇ ಉಳಿದವರ ನೆನಪೂ ಅದರ ಜೊತೆಗೇ ಬಂದಿತ್ತು. ಹಲ್ಲುಗಳನ್ನು ಎತ್ತಿ ಬಾಯಿಗೆ ಹಾಕಿಕೊಂಡರು, ಮಾತು ಸ್ಪಷ್ಟವಾಗಿರಲಿ ಎಂದು.

'ನಾನು ಬಂದಿದೀನಿ ಅಂತ ಬರ್ಕೊಳ್ಳಿ. ಜಾಗ ನನ್ನದು. ನನ್ನ ಬದಲಿ ಇವನು.'

ಹಾಗೆ ಬದಲಿ ಹಾಕಲು ಇದರಲ್ಲಿ ಗುಂಡಿಯಿಲ್ಲ ಎಂದು ಅಳಿಯ ಹೇಳಿನೋಡಿದ. ಗುಂಡಿ ನಿನ್ನದು, ನಾಳೆ ಮಾಡಿಸಿಕೋ. ನೋವು ಇವನದು, ಇವತ್ತೇ ಇದೆ ಎಂದರು ಅತ್ತೆ. ಅಳಿಯ ದರ್ಜಿಯ ಕೆನ್ನೆಯನ್ನು ಒಮ್ಮೆ ನೋಡಿ 'ಬಂದರು' ಎಂಬುದನ್ನು ಒತ್ತಿದ. ಸ್ಕ್ರೀನು ಹಸಿರಾಯಿತು. ದರ್ಜಿ ಒಳಗೆ ಹೋದ.

ಸಂಜೆ ಅತ್ತೆ ಸೊಸೆ ಇಬ್ಬರೂ ಜೊತೆಯಲ್ಲೇ ಮನೆಗೆ ನಡೆದರು. ಅತ್ತೆ ಅಷ್ಟು ಹೊತ್ತೂ ಬೆಂಚಿನಲ್ಲೇ ಕೂತು ಅಳಿಯನಿಂದ ಹಳೇ ಪುಸ್ತಕಗಳ ಕಥೆ ಕೇಳಿದ್ದರು, ಕೆಲಸದ ಹೊತ್ತು ಮುಗಿಯದೆ ಎದ್ದು ಹೋದ ಅಭ್ಯಾಸವೇ ಅವರಿಗಿಲ್ಲ. ಅರ್ಧ ದಾರಿಯಲ್ಲಿ ಕೇಳಿದರು.

'ಹದಿನೆಂಟು ವರ್ಷ ನನ್ನ ಹೆಸರು ಬರೆದೆ. ಒಂದು ಮಾತು ಹೇಳ್ಲಿಲ್ಲ.'

'ನಿಮ್ಮ ಹೆಸರು ಬರೀಲಿಲ್ಲ ಅತ್ತೆ. ಸುಮ್ನೆ ಅತ್ತೆ ಅಂತ ಬರೆದೆ.'

'ಅತ್ತೆ ಅಂದ್ರೆ ನಾನಲ್ದೆ ಇನ್ಯಾರು?'

ಇಷ್ಟು ವರ್ಷ ಆ ಸಾಲಿನಲ್ಲಿ ಯಾರೂ ಇಲ್ಲವೆಂದೇ ಚೀಟಿ ಅಕ್ಕ ತಿಳಿದಿದ್ದಳು.

ಮಾರನೆಯ ದಿನವೂ ಅತ್ತೆ ಹನ್ನೊಂದು ಇಪ್ಪತ್ತೆಂಟಕ್ಕೆ ಬಂದರು. ಅದರ ಮರುದಿನವೂ ಬಂದರು. ಬೆಂಚಿನಲ್ಲಿ ಇಬ್ಬರು ನೋವಿನವರಿದ್ದರೆ ಯಾರು ಮೊದಲು ಎಂದು ಅವರೇ ಕೆನ್ನೆ ನೋಡಿ ತೀರ್ಮಾನಿಸುತ್ತಿದ್ದರು, ಡಾಕ್ಟರೂ ಅದಕ್ಕೆ ಎದುರಾಡುತ್ತಿರಲಿಲ್ಲ. ಹೆದರಿದವರಿಗೆ ತಮ್ಮ ಹಲ್ಲು ತೆಗೆದು ತೋರಿಸಿ, ಎಲ್ಲ ಕಿತ್ತರೂ ಬದುಕಬಹುದು ಎಂದು ಧೈರ್ಯ ಹೇಳುತ್ತಿದ್ದರು. ಇದರಿಂದ ಇಬ್ಬರು ಓಡಿಹೋದದ್ದೂ ಉಂಟು. ಮೆಸೇಜು ಮಾತ್ರ ಬರುತ್ತಲೇ ಇತ್ತು, ಅತ್ತೆ ಅದಕ್ಕೆ ಒಂದನ್ನೂ ಒತ್ತಲಿಲ್ಲ, ಎರಡನ್ನೂ ಒತ್ತಲಿಲ್ಲ. ಬರುವವಳು ಬರುತ್ತೇನೆ, ಗುಂಡಿ ಒತ್ತಿ ಯಂತ್ರಕ್ಕೆ ಹೇಳುವುದೇನು ಎನ್ನುತ್ತಿದ್ದರು. ವರ್ಷದ ಕೊನೆಗೆ ಸಾಫ್ಟ್‌ವೇರು ತಾನಾಗಿಯೇ ಒಂದು ವರದಿ ಕೊಟ್ಟಿತು; ಹೆಸರಿನ ಜೊತೆ ಅಳಿಸಿಹೋಗಿದ್ದ ಮೂರು ಗೈರು ಅದರ ಲೆಕ್ಕಕ್ಕಿರಲಿಲ್ಲ. ಅತ್ಯುತ್ತಮ ರೋಗಿ: ಅತ್ತೆ. ಹಾಜರಿ: ನೂರಕ್ಕೆ ನೂರು. ಉಳಿದಿರುವ ಹಲ್ಲು: ಸೊನ್ನೆ. ಅಳಿಯ ಅದನ್ನು ಚೌಕಟ್ಟು ಹಾಕಿಸಿ ಬೆಂಚಿನ ಮೇಲುಗಡೆ ತೂಗುಹಾಕಿದ.

ಆಮೇಲೊಂದು ದಿನ ಅವನು ತಲೆ ಕೆರೆದುಕೊಳ್ಳುತ್ತಾ ಬಂದ. ಈ ಸಾಫ್ಟ್‌ವೇರಿನಲ್ಲಿ ತುರ್ತಿನವರಿಗೆಂದು ಒಂದು ಹೊತ್ತನ್ನು ಖಾಲಿ ಹಿಡಿದಿಡುವ ಏರ್ಪಾಡು ಮೊದಲಿಂದಲೂ ಇತ್ತಂತೆ. ಅವನೇ ನೋಡಿರಲಿಲ್ಲ. ಒಂದು ಗುರುತು ಹಾಕಿದರೆ ಸಾಕು, ಹನ್ನೊಂದೂವರೆಯನ್ನು ಯಾರೂ ಮುಟ್ಟಲಾರರು. ಪಾಪ, ಅತ್ತೆಯವರು ದಿನಾ ಮೆಟ್ಟಿಲು ಹತ್ತುವುದೂ ತಪ್ಪುತ್ತದೆ ಎಂದ.

ಹತ್ತು ಗಂಟೆಗೇ ಬಟ್ಟೆ ಬದಲಿಸಿ, ಗಡಿಯಾರ ಕಟ್ಟಿ, ಬಾಗಿಲ ಹತ್ತಿರ ಕುರ್ಚಿ ಹಾಕಿಕೊಂಡು ಕೂರುವ ಅತ್ತೆ ಚೀಟಿ ಅಕ್ಕನಿಗೆ ನೆನಪಾದರು. ಒಂದು ವರ್ಷದಿಂದ ಲೋಟ ಟಣ್ ಎಂದಿರಲಿಲ್ಲ.

'ಅದು ಬೇಡ ಬಿಡಿ,' ಎಂದಳು. 'ಆ ಮೆಸೇಜು ಇದೆಯಲ್ಲ, ಅದರ ಮಾತು ಬದಲಾಯಿಸೋಕಾಗುತ್ತಾ?'

ಆಗುತ್ತದೆ ಎಂದು ಅವನು ತೋರಿಸಿಕೊಟ್ಟ. ಅವಳು ಒಂದೊಂದೇ ಅಕ್ಷರ ಹುಡುಕಿ ಒತ್ತಿದಳು, ಎರಡು ಸಲ ಅಳಿಸಿದಳು.

ಆ ಸಂಜೆ ಆರು ಗಂಟೆಗೆ ಅತ್ತೆಯ ಫೋನು ಸದ್ದು ಮಾಡಿದಾಗ ಸೊಸೆ ಅಡುಗೆಮನೆಯಲ್ಲಿ ಬೆನ್ನು ತಿರುಗಿಸಿ ನಿಂತಿದ್ದಳು. 'ಪ್ರಿಯ ಅತ್ತೆ, ನಾಳೆ ಹನ್ನೊಂದೂವರೆಗೆ ಬನ್ನಿ. ಬೆಳಿಗ್ಗೆ ಮೆಟ್ಟಿಲು ತೊಳೆದಿರ್ತಾರೆ, ಗೋಡೆ ಹಿಡಿದು ನಿಧಾನಕ್ಕೆ ಹತ್ತಿ. ಒಬ್ಬಳೇ ಟೀ ಕುಡಿಯೋಕೆ ಬೇಜಾರು.'

ಅತ್ತೆ ಕನ್ನಡಕ ಒರೆಸಿಕೊಂಡರು. ಮತ್ತೆ ಓದಿದರು. ಒಂದು ಒತ್ತಿದರು.